ಮೂಗಿನಕ್ಕ ಮತ್ತೆ ಮೀನು ಹುರಿದದ್ದು

ಮೂಗಿನಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಇದ್ದೇ ಇದೆ. ಆದರೆ ಅದು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಬಂದರಿನಲ್ಲಿ ಯಾರನ್ನು ಕೇಳಿದರೂ ಮೂಗಿನಕ್ಕ ಎಂದರೇ ಗುರುತು. ಹಾಗೆಂದು ಅವಳ ಮೂಗು ಉದ್ದವೂ ಅಲ್ಲ, ಚೂಪೂ ಅಲ್ಲ. ನಿಮ್ಮ ನಮ್ಮ ಮೂಗಿನಂಥದ್ದೇ, ತುದಿ ಸ್ವಲ್ಪ ಮೊಂಡು. ಆ ಮೊಂಡು ಮೂಗಿನ ಮುಂದೆ ಇಪ್ಪತ್ತೆರಡು ವರ್ಷ ಬೋಟಿನ ಯಜಮಾನರೆಲ್ಲ ಕೈಕಟ್ಟಿ ನಿಂತಿದ್ದರು ಎಂದರೆ ನೀವು ನಂಬಬೇಕು.

ಅವಳ ಕೆಲಸವೇ ಮೂಸುವುದು. ಬೋಟುಗಳಿಂದ ಇಳಿದ ಮೀನಿನ ಕ್ರೇಟುಗಳು ಕಂಪನಿಯ ಶೆಡ್ಡಿಗೆ ಬರುತ್ತಿದ್ದವು. ಬಿಳಿ ಕೋಟು, ರಬ್ಬರ್ ಬೂಟು, ತಲೆಗೊಂದು ಟೊಪ್ಪಿ ಹಾಕಿಕೊಂಡ ಮೂಗಿನಕ್ಕ ಪ್ರತಿ ಕ್ರೇಟಿನಿಂದ ಎರಡು ಮೀನೆತ್ತಿ, ಹೆಬ್ಬೆರಳಲ್ಲಿ ಕಿವಿರು ಬಿಡಿಸಿ, ಒಂದೇ ಒಂದು ಉಸಿರು ಒಳಗೆಳೆದುಕೊಳ್ಳುತ್ತಿದ್ದಳು. ‘ಹೂಂ’ ಎಂದರೆ ಕ್ರೇಟು ಎಡಕ್ಕೆ, ಮುಳ್ಳು ತೆಗೆದು ಹೋಳು ಮಾಡಿ ಹೆಪ್ಪುಗಟ್ಟಿಸುವ ಕೋಣೆಗೆ. ‘ಊಹೂಂ’ ಎಂದರೆ ಬಲಕ್ಕೆ, ಗೊಬ್ಬರದ ಲಾರಿಗೆ. ಒಮ್ಮೆ ಒಬ್ಬ ಯಜಮಾನ, “ಬೆಳಿಗ್ಗೆ ಹಿಡಿದ ಮೀನಕ್ಕ ಇದು” ಎಂದು ವಾದಕ್ಕೆ ನಿಂತ. “ಯಾವ ಬೆಳಿಗ್ಗೆ? ಮೊನ್ನೆ ಬೆಳಿಗ್ಗೇನಾ?” ಎಂದಳು. ಆತ ಕಮಕ್ ಕಿಮಕ್ ಎನ್ನದೆ ಕ್ರೇಟನ್ನು ತಾನೇ ಬಲಕ್ಕೆ ಎಳೆದುಕೊಂಡು ಹೋದ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದ ಪಾಠ ಒಂದೇ: “ಒಳ್ಳೇ ಮೀನಿಗೆ ವಾಸನೆ ಇರಲ್ಲ. ಮೂಗಿಗೆ ಏನೂ ಬರಲಿಲ್ಲ ಅಂದ್ರೆ ಅದು ಒಳ್ಳೇ ಮೀನು. ಅಷ್ಟೇ ವಿದ್ಯೆ.” ಈ ಪಾಠವನ್ನು ನೆನಪಿಟ್ಟುಕೊಳ್ಳಿ. ಅವಳನ್ನು ಕೆಡವಿದ್ದು ಇದೇ.

ಮೂಗನ್ನು ಕಾಪಾಡಿಕೊಳ್ಳಲು ಅವಳು ಬಿಟ್ಟದ್ದು ಒಂದೆರಡಲ್ಲ. ಪರಿಮಳದ ಸೋಪಿಲ್ಲ, ತಲೆಗೆ ವಾಸನೆಯ ಎಣ್ಣೆಯಿಲ್ಲ, ಕೆಲಸ ಮುಗಿಯುವ ತನಕ ಈರುಳ್ಳಿಯಿಲ್ಲ, ಬೆಳಗಿನ ಟೀ ಕೂಡ ಇಲ್ಲ. ಇಂಥವಳಿಗೆ ಸಿಕ್ಕ ಗಂಡನೋ, ದೋಣಿಗಳಿಗೆ ಬಣ್ಣ ಹಚ್ಚುವ ಪೇಂಟರು. ದಿನವಿಡೀ ಬಣ್ಣ ಮತ್ತು ಥಿನ್ನರಿನ ನಡುವೆ ಇದ್ದು ಸಂಜೆ ಮನೆಗೆ ಬಂದರೆ ಮೂಗಿನಕ್ಕನ ಮೊದಲ ಮಾತು, “ರೀ, ಅಂಗಿ ಹೊರಗೆ!” ಪೇಂಟರು ಬಾಗಿಲಲ್ಲೇ ಅಂಗಿ ಬಿಚ್ಚಿ ಹೊರಗಿನ ಮೊಳೆಗೆ ತಗುಲಿಹಾಕಿ, ಬರೀ ಬನಿಯನ್ನಿನಲ್ಲಿ ಒಳಗೆ ಬರಬೇಕು. ಮದುವೆಯಾದಾಗಿನಿಂದ, ಅವಳು ಕಂಪನಿ ಸೇರುವುದಕ್ಕೂ ಮುಂಚಿನಿಂದ, ಮೂವತ್ತು ವರ್ಷ ಹೀಗೇ ನಡೆಯಿತು. ಅವರು ಒಮ್ಮೆಯೂ ಗೊಣಗಲಿಲ್ಲ. ಗೊಣಗುವುದಕ್ಕೂ ಮಾತಾಡಬೇಕಲ್ಲ! ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಹಾಗೆ ನೋಡಿದರೆ ಪೇಂಟರು ಆ ಬೀದಿಗೇ ದೊಡ್ಡ ಸಾಹುಕಾರರು. ಊಟದ ವಿಷಯದಲ್ಲಂತೂ ಅವರ ಬಳಿ ಇದ್ದದ್ದು ಒಂದೇ ಪದ. ಹೇಗಿದೆ ಎಂದರೆ, “ಚೆನ್ನಾಗಿದೆ.”

ಹೋದ ವರ್ಷ ಮೂಗಿನಕ್ಕನಿಗೆ ಜ್ವರ ಬಂತು. ಮೂರು ವಾರ ಹಾಸಿಗೆ ಹಿಡಿದಳು. ಜ್ವರ ಬಿಟ್ಟ ಮೇಲೆ, ಒಂದು ಶನಿವಾರ, ಗೋಡೆ ಹಿಡಿದುಕೊಂಡು ಎದ್ದು ಬಿಳಿ ಕೋಟನ್ನು ಒಗೆದು ಹಿತ್ತಲ ಹಗ್ಗದ ಮೇಲೆ ಹರವಿದಳು. ಸೋಮವಾರ ಕೆಲಸಕ್ಕೆ ಹೋಗುವುದಿತ್ತು. ಸಂಜೆ ಮುಂಬಾಗಿಲ ಹಿಡಿಗೆ ಒಂದು ಚೀಲ ತಗುಲಿಕೊಂಡಿರುವುದು ಕಂಡಿತು. ಯಾರೋ ಬೋಟಿನವರು ಅಕ್ಕನಿಗೆಂದು ಪ್ರೀತಿಯಿಂದ ಮೀನು ತಂದಿಟ್ಟು ಹೋಗಿದ್ದರು. ಅವರು ಇಟ್ಟು ಹೋದದ್ದು ಬೆಳಿಗ್ಗೆ. ಇವಳು ನಿದ್ದೆಯಲ್ಲಿದ್ದಾಳೆಂದು ಬಾಗಿಲು ಬಡಿದಿರಲಿಲ್ಲ. ಇಡೀ ದಿನ ಆ ಚೀಲ ಬಿಸಿಲಲ್ಲಿ ನೇತಾಡಿತ್ತು. ಅದು ಇವಳಿಗೇನು ಗೊತ್ತು? ಮೀನನ್ನೆತ್ತಿ, ಕಿವಿರು ಬಿಡಿಸಿ, ಉಸಿರೆಳೆದಳು. ಮೂಗಿಗೆ ಏನೂ ಬರಲಿಲ್ಲ. ‘ಆಹಾ, ಎಂಥ ಒಳ್ಳೇ ಮೀನು’ ಎಂದುಕೊಂಡಳು. ಮೂರು ವಾರದ ಮೇಲೆ ಮೊದಲ ಸಲ ಒಲೆ ಮುಂದೆ ನಿಂತು, ಹುರಿದು, ಗಂಡನಿಗೆ ಬಡಿಸಿದಳು.

“ಹೇಗಿದೆ?”

“ಚೆನ್ನಾಗಿದೆ,” ಎಂದರು ಪೇಂಟರು. ಅಷ್ಟೇ ಅಲ್ಲ, ಎಂದೂ ಇಲ್ಲದ ಹಾಗೆ, “ತುಂಬಾ ಹಸಿವು. ಇರೋದನ್ನೆಲ್ಲ ನನಗೇ ಹಾಕು,” ಎಂದು ಕೇಳಿ ಅವಳ ಪಾಲನ್ನೂ ತಿಂದರು. ಅವಳು ಗಂಜಿ ಕುಡಿದು ಮಲಗಿದಳು.

ಬೆಳಗಾಗುವುದರೊಳಗೆ ಪೇಂಟರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಐದು ದಿನ ಕೈಗೆ ಸೂಜಿ, ಮೇಲೆ ಬಾಟಲಿ. ಎರಡನೆಯ ದಿನ ಅಲ್ಲಿನ ಆಯಾ ವಾರ್ಡನ್ನು ಫಿನಾಯಿಲ್ ಹಾಕಿ ಒರೆಸುತ್ತಿದ್ದಳು. ಪಕ್ಕದ ಮಂಚದವರು ಮೂಗಿಗೆ ಬಟ್ಟೆ ಹಿಡಿದುಕೊಂಡು, “ಏನಮ್ಮ, ಇಷ್ಟು ಘಾಟು!” ಎಂದರು. ಮೂಗಿನಕ್ಕ ಸುತ್ತ ನೋಡಿದಳು. ಅವಳಿಗೆ ಯಾವ ಘಾಟೂ ಬರುತ್ತಿರಲಿಲ್ಲ. ಆ ರಾತ್ರಿ ಅವಸರದಲ್ಲಿ ತೊಡಿಸಿ ತಂದು, ಈಗ ಚೀಲದೊಳಗಿದ್ದ ಗಂಡನ ಕೆಲಸದ ಅಂಗಿಯನ್ನು ಹೊರಗೆಳೆದು ಮುಖಕ್ಕೆ ಒತ್ತಿಕೊಂಡಳು. ಮೂವತ್ತು ವರ್ಷ ಬೈದು ಬೈದು ಹೊರಗಿಟ್ಟ ಥಿನ್ನರಿನ ವಾಸನೆ. ಅದೂ ಬರಲಿಲ್ಲ. ಅಲ್ಲೇ, ಆ ಅಂಗಿಯೊಳಗೇ, ಅವಳಿಗೆ ಎಲ್ಲವೂ ತಿಳಿದುಹೋಯಿತು.

“ನಿನ್ನ ಮೀನಿಂದ ಅಲ್ಲ,” ಎಂದರು ಪೇಂಟರು ಮಲಗಿದಲ್ಲಿಂದ. “ಮಧ್ಯಾಹ್ನ ಟೀ ಅಂಗಡೀಲಿ ಬನ್ನು ತಿಂದಿದ್ದೆ. ಅದು ಹಳೇದಿತ್ತು.”

ಅವಳು ಅರ್ಧ ನಂಬಿದಳು, ಅರ್ಧ ನಂಬಲಿಲ್ಲ. ಕೋಟನ್ನು ಮಡಿಸಿ ಕಂಪನಿಗೆ ಹಿಂದಿರುಗಿಸಿದಳು. ಮೂಗು ಮರಳಿ ಬರಬಹುದು, ಬಾರದಿರಬಹುದು ಎಂದರು ಡಾಕ್ಟರು. ಅಂಥ ಮಾತು ನಾನೂ ಹೇಳಬಲ್ಲೆ, ಅದಕ್ಕೆ ಡಾಕ್ಟರೇ ಬೇಕೆ? ಎಂಟು ತಿಂಗಳಾಯಿತು, ಬರಲಿಲ್ಲ. ಆ ಎಂಟು ತಿಂಗಳೂ ಅವಳ ಮನೆಯಲ್ಲಿ ಮೀನು ಬೇಯಲಿಲ್ಲ. ತರಕಾರಿ, ಮೊಟ್ಟೆ, ಅಷ್ಟೇ. ಬಡಿಸಿದ ಮೇಲೆ ಅವಳು ಕೂತು ಉಣ್ಣುತ್ತಿರಲಿಲ್ಲ. ಗೋಡೆಗೊರಗಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಅವರು ಉಂಡು ಎದ್ದು, ಅರ್ಧ ಗಂಟೆಯಾದರೂ ಏನೂ ಆಗದಿದ್ದ ಮೇಲೆ ತಾನು ಉಣ್ಣುವುದು. ಬಾಯಿಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು. ಉಳಿದದ್ದೆಲ್ಲ ಒಂದೇ, ಒದ್ದೆ ಕಾಗದ ಅಗಿದ ಹಾಗೆ.

ಹೀಗಿರುವಾಗ ಒಂದು ಭಾನುವಾರ ಮಗಳ ಫೋನು ಬಂತು. ಇರುವವಳು ಒಬ್ಬಳೇ ಮಗಳು. ಊರಿನ ಆಚೆ ತುದಿಯಲ್ಲಿ ಸಂಸಾರ, ಚಪ್ಪಲಿ ಅಂಗಡಿಯಲ್ಲಿ ಕೆಲಸ. ಈಗ ಐದು ತಿಂಗಳ ಬಸುರಿ.

“ಅಮ್ಮ, ಬರೋ ಭಾನುವಾರ ಊಟಕ್ಕೆ ಬರ್ತೀನಿ. ಮೀನು ಮಾಡು.”

“ಮೊಟ್ಟೆ ಮಾಡ್ತೀನಿ.”

“ಮೊಟ್ಟೆ ನಮ್ಮನೇಲೂ ಇದೆ. ನನಗೆ ನಿನ್ನ ಕೈ ಮೀನೇ ಬೇಕು. ನಿನ್ನೆ ಗಿರಾಕಿ ಮುಂದೆ ಚಪ್ಪಲಿ ಹಿಡ್ಕೊಂಡು ನಿಂತಿದ್ದೀನಿ, ಬಾಯಲ್ಲಿ ನೀರು. ಅವರು ಏನಂದ್ಕೊಂಡ್ರೋ.”

“ನನ್ನ ಮೂಗು…”

“ಮೂಗಿಲ್ದಿದ್ರೇನಮ್ಮ, ಕೈ ಇದೆಯಲ್ಲ,” ಎಂದು ನಕ್ಕು ಫೋನಿಟ್ಟಳು.

ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವುದು ಹೇಗೆ? ಹೂಂ ಎನ್ನುವುದಾದರೂ ಹೇಗೆ? ಐದು ದಿನ ಬಾಟಲಿ ಏರಿಸಿಕೊಂಡ ಗಂಡನ ಜಾಗದಲ್ಲಿ ಮಗಳನ್ನು ಮಲಗಿಸಿ ನೋಡಿದಳು ಮನಸ್ಸಿನಲ್ಲೇ. ಬಂದರಿಗೆ ಹೋಗಿ ಮೀನು ಕೊಳ್ಳುವ ಮಾತೇ ಇಲ್ಲ. ಮೂಗಿನಕ್ಕ ಕಿವಿರು ಬಿಡಿಸಿ, ಪೆಚ್ಚುಮೋರೆ ಹಾಕಿಕೊಂಡು, “ಇದು ಹೇಗಿದೆಯಪ್ಪ?” ಎಂದು ಮಾರುವವನನ್ನೇ ಕೇಳುವುದೆಂದರೆ ಅದಕ್ಕಿಂತ ಸಾಯುವುದು ಮೇಲು.

ಕೊನೆಗೆ ದೊಡ್ಡ ಅಂಗಡಿಗೆ ಹೋಗಿ ಫ್ರೀಜರಿನಿಂದ ಮೀನಿನ ಹೋಳಿನ ಐದಾರು ಪ್ಯಾಕೆಟ್ಟು ತಂದಳು. ನೋಡಿ, ಇಪ್ಪತ್ತೆರಡು ವರ್ಷ ಅವಳ ‘ಹೂಂ’ ಕೇಳಿಸಿಕೊಂಡು ಎಡಕ್ಕೆ ಹೋದ ಮೀನೆಲ್ಲ ಇಂಥ ಪ್ಯಾಕೆಟ್ಟುಗಳನ್ನೇ ಸೇರಿದ್ದು. ಅವಳು ಮಾತ್ರ ಒಂದು ದಿನವೂ ಇದನ್ನು ಕೊಂಡವಳಲ್ಲ. “ಕಲ್ಲು ತಿನ್ನೋರಿಗೆ ಇರೋದು” ಎಂದು ಮೂಗು ಮುರಿಯುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಈಗ ಕನ್ನಡಕ ಹಾಕಿಕೊಂಡು ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದಿದಳು. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ನಿಧಾನವಾಗಿ ಕರಗಿಸಬೇಕಂತೆ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದಂತೆ. ಭಾನುವಾರದವರೆಗೆ ಒಂದು ವಾರವಿತ್ತು. ಅಷ್ಟರಲ್ಲಿ ಕಲಿತುಬಿಡಬೇಕು ಎಂದು ಸೆರಗು ಸಿಕ್ಕಿಸಿದಳು.

ಸೋಮವಾರ ನಿಧಾನ ಯಾರಿಗೆ ಬೇಕು ಎಂದು ಬಿಸಿನೀರಿಗೆ ಹಾಕಿದಳು. ಹೋಳಿನ ಅಂಚು ಬೆಂದ ಹಾಗೆ ಬೆಳ್ಳಗಾಯಿತು, ನಡುವೆ ಕಲ್ಲು ಕಲ್ಲಾಗೇ ಉಳಿಯಿತು. ಕಾವಲಿಗೆ ಹಾಕಿದ್ದೇ ತಡ, ನೀರು ಬಿಟ್ಟುಕೊಂಡು, ಹುರಿಯಬೇಕಾದದ್ದು ಕೊತಕೊತ ಕುದಿಯಿತು. ಮಗುಚಲು ಹೋದರೆ ನಾಲ್ಕು ಚೂರು.

“ಹೇಗಿದೆ?”

ಪೇಂಟರು ಅಗಿದರು. ಹಲ್ಲಿನ ನಡುವೆ ಮಂಜು ಕರಕರ ಎಂದದ್ದು ಅವಳಿಗೂ ಕೇಳಿಸಿತು. “ಚೆನ್ನಾಗಿದೆ,” ಎಂದರು.

ಮಂಗಳವಾರ ರಾತ್ರಿ ಇನ್ನೊಂದು ಪ್ಯಾಕೆಟ್ಟನ್ನು ಬೆಳಗಾಗುವವರೆಗೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟಳು. ಬುಧವಾರ ತೆಗೆದರೆ ಹೋಳು ಮೆತ್ತಗೆ, ಬೆರಳಿಟ್ಟರೆ ಒತ್ತಿ ಮತ್ತೆ ಏಳುವ ಹಾಗೆ, ಚೆನ್ನಾಗಿಯೇ ಕರಗಿತ್ತು. ಆದರೆ ಒಳ್ಳೆಯದೋ ಕೆಟ್ಟದ್ದೋ? ರೂಢಿ ಬಲದಿಂದ ಮೂಗಿನ ಹತ್ತಿರ ಹಿಡಿದಳು. ಏನೂ ಬರಲಿಲ್ಲ. ಆ ‘ಏನೂ ಬರಲಿಲ್ಲ’ ಎನ್ನುವುದೇ ಈಗ ಅವಳಿಗೆ ದೆವ್ವ ಕಂಡಂತಾಗುತ್ತಿತ್ತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಬೀದಿಯಲ್ಲೊಂದು ಕಂದು ಬೆಕ್ಕು ಇತ್ತು, ನಾಲ್ಕು ಮನೆಗೆ ಸೇರಿದ್ದು, ಯಾರ ಮಾತೂ ಕೇಳದ್ದು. ಎಲ್ಲರೂ ಅದನ್ನು ಸಾಹೇಬ ಎನ್ನುತ್ತಿದ್ದರು. ಹೋಳಿನ ತುದಿ ಕತ್ತರಿಸಿ ಸಾಹೇಬನ ಮುಂದಿಟ್ಟಳು.

ಸಾಹೇಬ ಬಗ್ಗಿ ಮೂಸಿತು. ಮುಖ ಎತ್ತಿ ಅವಳನ್ನು ನೋಡಿತು. ಆಮೇಲೆ ಬಾಲ ಎತ್ತಿಕೊಂಡು ಹೊರಟೇಹೋಯಿತು.

ಮೂಗಿನಕ್ಕ ಒಂದು ಕ್ಷಣವೂ ಯೋಚಿಸದೆ ಇಡೀ ಪ್ಯಾಕೆಟ್ಟನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, ಕೈಯನ್ನು ಮೂರು ಸಲ ತೊಳೆದಳು. ಸಂಜೆ ಪಕ್ಕದ ಇಸ್ತ್ರಿ ಅಂಗಡಿಯವಳು ಮಾತಿಗೆ ಸಿಕ್ಕಾಗ ಹೇಳಿದಳು: “ಇವತ್ತು ಸಾಹೇಬನಿಗೆ ಭರ್ಜರಿ ಊಟ ಅಕ್ಕ. ಹಾಲು ಒಡೆದುಹೋಯ್ತು ಅಂತ ಒಂದು ಪಾತ್ರೆ ಪೂರ್ತಿ ಸುರಿದೆ. ಹೊಟ್ಟೆ ಎಳ್ಕೊಂಡು ಓಡಾಡ್ತಿದೆ.”

ಮೂಗಿನಕ್ಕ ಒಳಗೆ ಬಂದು ಮೊಣಕಾಲಿಗೆ ಕೈಕೊಟ್ಟು ಕೂತಳು. ಬಂದರಿನ ನೂರು ಬೋಟಿಗೆ ತೀರ್ಪು ಕೊಟ್ಟವಳು ಹೊಟ್ಟೆ ತುಂಬಿದ ಬೆಕ್ಕಿನ ತೀರ್ಪಿಗೆ ತಲೆಬಾಗಿದ್ದಳು. ನಗು ಬಂತು. ನಗು ಮುಗಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು.

ಶುಕ್ರವಾರ ಹಟ ಹಿಡಿದಳು. ಮೂಗು ಹೋದರೆ ಹೋಗಲಿ, ಉಳಿದದ್ದು ಇದೆಯಲ್ಲ. ಕರಗಿದ ಹೋಳನ್ನು ಬಿಳಿ ಬಟ್ಟೆಯ ಮೇಲಿಟ್ಟು, ಮೇಲೊಂದು ಬಟ್ಟೆ ಹಾಕಿ, ಮಗುವಿನ ಮೈ ಒರೆಸುವ ಹಾಗೆ ಒತ್ತಿ ಒತ್ತಿ ನೀರು ತೆಗೆದಳು. ಬೆರಳಿಗೆ ಅಂಟು ತಾಗುತ್ತದೆಯೇ ಎಂದು ಸವರಿ ನೋಡಿದಳು. ಉಪ್ಪು, ಕಾಳುಮೆಣಸಿನ ಪುಡಿ ಹಚ್ಚಿ ತೆಳ್ಳಗೆ ಹಿಟ್ಟು ಸವರಿದಳು. ಎಣ್ಣೆ ಕಾದಿದೆಯೇ ಎಂದು ತಿಳಿಯಲು ಕಿವಿ ಕೊಟ್ಟಳು. ಹೋಳು ಇಳಿಸಿದಾಗ ಚುಂಯ್ ಎಂದ ಸದ್ದು ಒಂದೇ ಸಮನೆ ನಡೆಯಿತು. ಸದ್ದು ಸಣ್ಣಗಾದಾಗ ಮಗುಚಿದಳು. ಚಮಚದ ತುದಿಯಿಂದ ಒತ್ತಿದರೆ ಎಸಳೆಸಳಾಗಿ ಬಿಡಿಸಿಕೊಂಡಿತು. ಬಣ್ಣ ಹೊಂಬಣ್ಣ. ಕಣ್ಣಿಗೆ, ಕೈಗೆ, ಕಿವಿಗೆ ಎಲ್ಲಕ್ಕೂ ಸರಿ. ಈ ಸಲ ಸಾಹೇಬ ಕೂಡ ತಿಂದಿತು.

“ಹೇಗಿದೆ?” ಎಂದು ಗಂಡನನ್ನು ಕೇಳಿದಳು. ಅವಳ ದನಿಯಲ್ಲಿ ಆಸೆ ಇತ್ತು.

“ಚೆನ್ನಾಗಿದೆ,” ಎಂದರು ಪೇಂಟರು. ಸೋಮವಾರ ಮಂಜು ಅಗಿದು ಹೇಳಿದ ಅದೇ ಪದ, ಅದೇ ದನಿ.

ಅಲ್ಲಿ ಅವಳಿಗೆ ಮುಳ್ಳು ಚುಚ್ಚಿದಂತಾಯಿತು. ಮುಳ್ಳಿಲ್ಲದ ಮೀನಿನಲ್ಲೂ ಮುಳ್ಳು! ರಾತ್ರಿಯೆಲ್ಲ ಅದನ್ನೇ ಯೋಚಿಸಿದಳು. ಶನಿವಾರ ಮಧ್ಯಾಹ್ನ ಭಾನುವಾರಕ್ಕೆಂದು ಎರಡು ಪ್ಯಾಕೆಟ್ಟು ಕರಗಲು ಕೆಳಗಿನ ಖಾನೆಯಲ್ಲಿಟ್ಟಳು. ಸಂಜೆಗೆ ಶುಕ್ರವಾರ ಉಳಿದಿದ್ದ ಒಂದು ಹೋಳು ಹುರಿದಳು, ಆದರೆ ಬೇಕೆಂದೇ ಒಂದು ಕಾಳು ಉಪ್ಪು ಹಾಕಲಿಲ್ಲ.

“ಹೇಗಿದೆ?”

“ಚೆನ್ನಾಗಿದೆ.”

“ಉಪ್ಪು?”

“ಸರಿಯಾಗಿದೆ.”

ಮೂಗಿನಕ್ಕ ಸೌಟು ಕೆಳಗಿಟ್ಟಳು. “ನಾನು ಉಪ್ಪೇ ಹಾಕಿಲ್ಲ ರೀ.”

ಪೇಂಟರ ಕೈ ತಟ್ಟೆಯಲ್ಲೇ ನಿಂತಿತು.

“ಇವತ್ತು ಉಪ್ಪಿಲ್ಲ, ಚೆನ್ನಾಗಿದೆ. ಸೋಮವಾರ ಒಳಗೆ ಐಸು, ಚೆನ್ನಾಗಿದೆ. ಹಾಗಾದ್ರೆ ಆವತ್ತು?”

“ಯಾವತ್ತು?”

“ಯಾವತ್ತು ಅಂತ ನಿಮಗೆ ಗೊತ್ತು. ಬನ್ನಿನ ಕಥೆ ಬೇಡ. ಆವತ್ತು ಮೀನು ವಾಸನೆ ಬರ್ತಿತ್ತಾ?”

ಪೇಂಟರು ತಟ್ಟೆಯನ್ನು ನೋಡುತ್ತಲೇ ಹೇಳಿದರು. “ಬಾಗಿಲಲ್ಲೇ ಬಂತು.”

“ಗೊತ್ತಿದ್ದೂ ತಿಂದ್ರಾ?”

“ಆವತ್ತು ನಾನು ಮರೆತು ಅಂಗೀನ ಒಳಗೇ ತಗುಲಿಹಾಕಿದ್ದೆ. ನೀನು ಬೈಯ್ಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ಬೈಯ್ಲಿಲ್ಲ. ಆಗ್ಲೇ ನನಗೆ ತಿಳೀತು, ನಿನ್ನ ಮೂಗು ಹೋಗಿದೆ ಅಂತ.”

“ನನ್ನ ಪಾಲನ್ನೂ ಯಾಕೆ ತಿಂದ್ರಿ?”

“ಉಳಿಸಿದ್ರೆ ನೀನು ತಿಂತಿದ್ದೆಯಲ್ಲ.”

ಮೂಗಿನಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ಬಂದರಿನವರು ಹೇಳುತ್ತಿದ್ದರು. ಮೂಗು ಹೋದರೂ ಕೋಪ ಹೋಗಿರಲಿಲ್ಲ. “ಹೇಳೋಕೆ ಆಗ್ತಿರಲಿಲ್ವಾ? ಕಿಟಕಿಯಿಂದ ಎಸೆಯೋಕೆ ಆಗ್ತಿರಲಿಲ್ವಾ? ನನಗೆ ಮೂಗು ಹೋಯ್ತು, ನಿಮ್ಮ ಬಾಯಿಗೇನಾಗಿತ್ತು?”

“ಮೂರು ವಾರ ಮಲಗಿ ಎದ್ದಿದ್ದೆ ನೀನು. ಕೋಟು ಒಗೆದು ಹಗ್ಗದ ಮೇಲೆ ಹಾಕಿದ್ದೆ. ತಟ್ಟೆ ಇಟ್ಟು ಎದುರಿಗೆ ನಿಂತು ಹೇಗಿದೆ ಅಂತ ಕೇಳ್ದೆ. ನಿನ್ನ ಹಿಂದೆ ಕಿಟಕೀಲಿ ಆ ಕೋಟು ಕಾಣ್ತಿತ್ತು. ಅದನ್ನ ನೋಡ್ತಾ ಹೇಗೆ ಹೇಳ್ಲಿ? ಬಾಯಿ ಬರ್ಲಿಲ್ಲ ಕಣೇ.”

ಪೇಂಟರು ಮದುವೆಯಾದಾಗಿನಿಂದ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಮೂಗಿನಕ್ಕ ಗೋಡೆಗೊರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವರು ಎದ್ದು ಬಂದು ಹತ್ತಿರ ನಿಂತರು. ಎಂಜಲು ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡರು.

“ನೀವು ಸತ್ತಿದ್ರೆ?” ಎಂದಳು ಕೊನೆಗೆ. “ನನಗೆ ಬೇಜಾರಾಗುತ್ತೆ ಅಂತ ಸಾಯೋಕೆ ಹೊರಟಿದ್ರಾ? ನಿಮ್ಮ ಬಂಗಾರದಂಥ ಮೌನ ನೀವೇ ಇಟ್ಕೊಳ್ಳಿ. ನನಗೆ ಬೇಕಾಗಿರೋದು ನಿಜ. ನಾಳೆ ಹುಡುಗಿ ಹೊಟ್ಟೇಲಿ ಮಗು ಇಟ್ಕೊಂಡು ಬರ್ತಾಳೆ. ನನಗೆ ತಿಳಿಯಲ್ಲ, ನೀವು ಹೇಳಲ್ಲ. ಈ ಮನೇಲಿ ಇಬ್ಬರಿಗೂ ಸೇರಿ ಒಂದು ಮೂಗಿಲ್ಲ. ಫೋನ್ ಮಾಡಿ, ಬರಬೇಡ ಅನ್ನಿ.”

ಪೇಂಟರು ಫೋನ್ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಎದ್ದು ಬರುವ ಹೊತ್ತಿಗೆ ಅಡುಗೆಮನೆಯ ದೀಪ ಉರಿಯುತ್ತಿತ್ತು. ಪೇಂಟರು ಸ್ನಾನ ಮಾಡಿ ಒಗೆದ ಅಂಗಿ ತೊಟ್ಟು ನಿಂತಿದ್ದರು. ಕಟ್ಟೆಯ ಮೇಲೆ ಅವಳ ಹಳೆಯ ಸೋಪು, ಪರಿಮಳವಿಲ್ಲದ್ದು, ಅರ್ಧ ಸವೆದು ಒದ್ದೆಯಾಗಿತ್ತು. ಅವರ ಉಗುರಿನ ಸಂದಿನ ನೀಲಿ ಬಣ್ಣ ಕೂಡ ಹೋಗಿ, ಬೆರಳು ಉಜ್ಜಿ ಉಜ್ಜಿ ಕೆಂಪಾಗಿದ್ದವು.

“ಟೀ ಕುಡಿದ್ರಾ?” ಎಂದು ಕೇಳಿದಳು, ಇನ್ನೂ ಬಿಗಿದ ಮುಖದಲ್ಲೇ.

“ಇಲ್ಲ. ನೀನು ಕುಡೀತಿರಲಿಲ್ಲವಲ್ಲ, ಮೂಸೋಕೆ ಮುಂಚೆ.”

ಅವಳು ಫ್ರಿಜ್ಜಿನ ಬಾಗಿಲು ತೆಗೆದಳು. ಎರಡು ಪ್ಯಾಕೆಟ್ಟನ್ನು ಎರಡು ತಟ್ಟೆಯಲ್ಲಿಟ್ಟು ಕತ್ತರಿಸಿ ಕೊಟ್ಟಳು. ಪೇಂಟರು ಮೊದಲನೆಯದಕ್ಕೆ ಮೂಗು ತಂದರು.

“ಜೋರಾಗಿ ಎಳೀಬೇಡಿ. ಒಂದೇ ಉಸಿರು. ಹಾಂ, ಸಾಕು. ಏನು ಬಂತು?”

“ಏನೂ ಇಲ್ಲ… ಸ್ವಲ್ಪ ನೀರಿನ ಥರ. ಬೆಳಿಗ್ಗೆ ಸಮುದ್ರದ ದಡದಲ್ಲಿ ಬರುತ್ತಲ್ಲ, ಹಾಗೆ.”

“ಹೂಂ,” ಎಂದಳು ಮೂಗಿನಕ್ಕ. ಎಂಟು ತಿಂಗಳ ನಂತರ ಆ ‘ಹೂಂ’ ಅವಳ ಬಾಯಿಂದ ಬಂದಿತ್ತು. “ಈಗ ಅದು.”

ಎರಡನೆಯದನ್ನು ಪೇಂಟರು ಮೂಸಿದರು. ಮತ್ತೊಮ್ಮೆ ಮೂಸಿದರು. ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷದ ‘ಚೆನ್ನಾಗಿದೆ’ ಅವರ ನಾಲಿಗೆಯ ತುದಿಗೆ ಬಂದು ಕೂತಿತ್ತು, ಅವಳಿಗೆ ಕಣ್ಣಿಗೆ ಕಂಡಿತು. ಅವಳು ಕಾದಳು.

“ಇದು ಬೇಡ,” ಎಂದರು. “ಇದು ಚೆನ್ನಾಗಿಲ್ಲ.”

“ಹೇಗೆ ಚೆನ್ನಾಗಿಲ್ಲ? ಹುಳಿ ಹಾಲಿನ ಥರಾನಾ? ಒದ್ದೆ ಚಿಂದಿ ಥರಾನಾ?”

“ಅಲ್ಲ. ಹಳೇ ಎಣ್ಣೆ. ಬಾಣಲೆ ತೊಳೀದೆ ವಾರ ಇಟ್ರೆ ಬರುತ್ತಲ್ಲ, ಆ ಥರ.”

ಮೂಗಿನಕ್ಕ ಹೋಳನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಬಿಳಿಚಿಕೊಂಡು ಒಣಗಿದ ಕಲೆ, ಬೆರಳಿಗೆ ಒರಟು. ಖಾಲಿ ಪ್ಯಾಕೆಟ್ಟಿಗೆ ನೀರು ತುಂಬಿಸಿ ಹಿಂಡಿದಳು. ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಧಾರೆ ಚಿಮ್ಮಿತು. “ಇಲ್ಲಿ ನೋಡಿ, ತೂತು. ಗಾಳಿ ಒಳಗೆ ಹೋಗಿದೆ. ಫ್ರೀಜರಲ್ಲೇ ಒಣಗಿ ಮುಗ್ಗಿದೆ.” ಅವಳ ಮುಖ ಬಿಚ್ಚಿಕೊಂಡಿತ್ತು. “ಸರಿಯಾಗಿ ಹೇಳಿದ್ರಿ. ಊಹೂಂ.” ಆ ಪ್ಯಾಕೆಟ್ಟು ಬಲಕ್ಕೆ, ಕಸದ ಡಬ್ಬಿಗೆ ಹೋಯಿತು. ಪೇಂಟರು ಅಂಗಡಿಗೆ ನಡೆದು ಇನ್ನೊಂದು ತರಲು ಹೊರಟರೆ ಬೇಡವೆಂದಳು. ಇದ್ದ ನಾಲ್ಕು ಹೋಳೇ ಸಾಕು, ಅವಸರದಲ್ಲಿ ಕರಗಿಸಿದರೆ ಏನಾಗುತ್ತದೆಂದು ಸೋಮವಾರವೇ ಗೊತ್ತಾಗಿತ್ತು.

ಮಧ್ಯಾಹ್ನ ಮಗಳು ಬಂದಳು, ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, “ಆಹಾ, ಬೀದಿ ತುದಿಗೇ ಘಮ್ಮಂತಿದೆ” ಎನ್ನುತ್ತಾ. ಮೂಗಿನಕ್ಕ ಕಾವಲಿಯ ಮುಂದೆ ತಲೆ ಓರೆ ಮಾಡಿ ಸದ್ದು ಕೇಳುತ್ತಾ ನಿಂತಿದ್ದಳು. ಹುರಿದ ಹೋಳು ತಟ್ಟೆಗೆ ಬಂತು, ಮೇಲೆ ನಿಂಬೆ ಹಿಂಡಿದಳು. ಮಗಳು ಕೈ ಹಾಕಲು ಹೋದಾಗ, “ತಡಿಯೇ” ಎಂದು ತಡೆದು ಮೊದಲ ತುಂಡನ್ನು ಗಂಡನ ತಟ್ಟೆಗೆ ಹಾಕಿದಳು.

ಪೇಂಟರು ತಿಂದರು. ಅವಳು ಕೇಳಲೇ ಇಲ್ಲ. ಸೌಟು ಹಿಡಿದು ಸುಮ್ಮನೆ ನಿಂತಳು. ಪೇಂಟರು ನುಂಗಿ, ನೀರು ಕುಡಿದು, ಗಂಟಲು ಸರಿಮಾಡಿಕೊಂಡರು.

“ಉಪ್ಪು ಜಾಸ್ತಿಯಾಯ್ತು,” ಎಂದರು.

ಮಗಳು ಬಾಯಿ ತೆರೆದು ಅಪ್ಪನನ್ನು ನೋಡಿದಳು. “ಅಪ್ಪ? ನೀವಾ ಹೇಳಿದ್ದು? ನಾನು ಹುಟ್ಟಿದಾಗಿಂದ…” ಎಂದವಳು ಅಮ್ಮನ ಕಡೆ ತಿರುಗಿ ಇನ್ನೂ ಗಾಬರಿಯಾದಳು. “ಅಮ್ಮ, ಅಷ್ಟಕ್ಕೆಲ್ಲ ಅಳ್ತಾರಾ? ನನಗೆ ಉಪ್ಪು ಜಾಸ್ತಿ ಇದ್ರೆ ಇಷ್ಟಾನೇ.”

“ನಿಂಗೊತ್ತಿಲ್ಲ, ಸುಮ್ನಿರು,” ಎಂದಳು ಮೂಗಿನಕ್ಕ, ಕಣ್ಣೊರೆಸಿಕೊಂಡು, ನಗುತ್ತಾ. ಭಯಕ್ಕೆ ನಿನ್ನೆಯ ಉಪ್ಪನ್ನೂ ಇವತ್ತೇ ಹಾಕಿದ್ದಳೇನೋ. ನಾಲಿಗೆಗೆ ಇಟ್ಟು ನೋಡಿದಳು. ಹೌದು, ಜಾಸ್ತಿಯಾಗಿತ್ತು.

“ಆದ್ರೆ ಮೀನು ಚೆನ್ನಾಗಿದೆ,” ಎಂದರು ಪೇಂಟರು.

ಮೂವತ್ತು ವರ್ಷ ಕೇಳಿದ ಮಾತು. ಅವಳು ಅದನ್ನು ನಂಬಿದ್ದು ಅಂದೇ. ಮಗಳ ತಟ್ಟೆಗೆ ಎರಡು ಹೋಳು ಹಾಕಿದಳು, ಉಳಿದ ಒಂದನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ಆಮೇಲೆ ಗೋಡೆಯ ಹತ್ತಿರ ಹೋಗಲಿಲ್ಲ. ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತು, ಯಾರ ಮುಖವನ್ನೂ ನೋಡದೆ, ಬಿಸಿಬಿಸಿಯಾಗಿರುವಾಗಲೇ ಉಣ್ಣತೊಡಗಿದಳು.